ಐದನೆಯ ಚಕ್ರ

ಕನಕಪುರ ರಸ್ತೆಯ ಬನಶಂಕರಿಯಮ್ಮನ ದೇವಾಲಯದ ಮುಂದಾಗಲಿ, ಜಯನಗರ 9ನೇ ಬ್ಲಾಕಿನ ರಾಗಿಗುಡ್ಡದ ಆಂಜನೇಯನ ಸನ್ನಿಧಿಯ ಬುಡದಲ್ಲಾಗಲಿ, ಶುಭದಿನವೊಂದರ ಪ್ರಾತಃಕಾಲ ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ ಹೊಸ ವಾಹನದ ಪೂಜೆಯ ದೃಶ್ಯ ಪರಿಚಿತವಾದದ್ದೇ ಆಗಿರುತ್ತದೆ. ಮುಂಭಾಗಕ್ಕೆ ಚೆಂಡುಹೂವಿನ ಹಾರ, ಗಾಜಿನ ಮೇಲೆ ಅರಿಸಿನ ಕುಂಕುಮ, ಸುತ್ತಲೂ ಕರ್ಪೂರದ ಆರತಿ, ಕಡೆಯಲ್ಲಿ ನಾಲ್ಕು ಚಕ್ರಗಳ ಅಡಿಗೂ ಒಂದೊಂದು ನಿಂಬೆಹಣ್ಣು; ಒಡೆಯನು ದೇವರನ್ನು ನೆನೆದು ವಾಹನವನ್ನು ಒಂದು ಮಾರು ಮುಂದಕ್ಕೆ ಬಿಡುತ್ತಲೇ ಆ ಹಣ್ಣುಗಳು ಚಪ್ಪಟೆಯಾಗಿ, ದಾರಿಯ ವಿಘ್ನಗಳೆಲ್ಲವೂ ಅವುಗಳೊಡನೆಯೇ ಅಡಗಿಹೋದವೆಂಬ ಸಮಾಧಾನ ಮನೆಯವರೆಲ್ಲರ ಮುಖದಲ್ಲಿಯೂ ಮೂಡುತ್ತದೆ. ಆ ಪೂಜೆಯಲ್ಲಿ ಯಾರ ಕಣ್ಣಿಗೂ ಬೀಳದ ಐದನೆಯ ಚಕ್ರವೊಂದು ಡಿಕ್ಕಿಯ ತಳದಲ್ಲಿ, ಹಾಸಿನ ಕೆಳಗೆ, ಕತ್ತಲಲ್ಲಿ ಮಲಗಿರುತ್ತದೆ. ಅದಕ್ಕೆ ನಿಂಬೆಹಣ್ಣಿಲ್ಲ, ಕುಂಕುಮವಿಲ್ಲ. ವರ್ಷಾನುವರ್ಷ ಅದರ ಗಾಳಿಯನ್ನು ನೋಡುವವರೂ ಇಲ್ಲ. ರಸ್ತೆಯ ಬದಿಯಲ್ಲಿ ನಿಂತು ಕೈ ಹಿಸುಕಿಕೊಳ್ಳುತ್ತಿದ್ದ ಎಷ್ಟೋ ಮಂದಿಯನ್ನು ನಾನು ಕಂಡಿದ್ದೇನೆ. ಅವರನ್ನು ಅಲ್ಲಿ ಗಂಟೆಗಟ್ಟಲೆ ನಿಲ್ಲಿಸಿದ್ದು ಟಯರಿಗೆ ಹೊಕ್ಕ ಮೊಳೆಗಿಂತಲೂ ಹೆಚ್ಚಾಗಿ ಈ ಚಕ್ರದ ವಿಸ್ಮೃತಿಯೇ.

ನಾವು ಅದನ್ನು ‘ಸ್ಟೆಪ್ನಿ’ ಎಂದು ಕರೆಯುತ್ತೇವಷ್ಟೆ. ಈ ಪದ ಕನ್ನಡದ್ದಲ್ಲವೆಂಬುದು ಎಲ್ಲರಿಗೂ ತೋರುವ ವಿಷಯ. ಆದರೆ ಅದು ಒಂದು ಬೀದಿಯ ಹೆಸರೆಂಬುದನ್ನು ಬಲ್ಲವರು ವಿರಳ. ಮೋಟಾರು ವಾಹನಗಳು ಹೊಸದಾಗಿ ಬಂದಿದ್ದ ಕಾಲದಲ್ಲಿ ಅವುಗಳೊಡನೆ ಹೆಚ್ಚುವರಿ ಚಕ್ರವಿರುತ್ತಿರಲಿಲ್ಲ. ಗಾಳಿ ಹೋದರೆ ಅಲ್ಲಿಯೇ ಕುಳಿತು ಟಯರು ಬಿಚ್ಚಿ, ಟ್ಯೂಬಿಗೆ ತೇಪೆ ಹಾಕಿ, ಮತ್ತೆ ಗಾಳಿ ತುಂಬಿಸಿಕೊಂಡು ಹೊರಡಬೇಕಾಗಿತ್ತು. 1904ರಲ್ಲಿ ವೇಲ್ಸ್ ದೇಶದ ಲಾನೆಲಿ ಎಂಬ ಊರಿನ ಥಾಮಸ್ ಮಾರಿಸ್ ಡೇವಿಸ್ ಎಂಬಾತನು ತನ್ನ ಸೋದರನೊಡಗೂಡಿ, ಗಾಳಿ ತುಂಬಿದ ಟಯರನ್ನು ಹೊತ್ತ ಹೆಚ್ಚುವರಿ ಚಕ್ರವೊಂದನ್ನು ನಿರ್ಮಿಸಿ ಮಾರಾಟಕ್ಕೆ ತಂದನು. ಅವರ ಕಾರ್ಯಾಗಾರವಿದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಬ್ರಿಟನ್ನಿನವರೇ ಬಹುಮಟ್ಟಿಗೆ ಮರೆತುಬಿಟ್ಟ ಆ ಹೆಸರು ನಮ್ಮ ಬಿ.ಟಿ.ಎಂ. ಲೇಔಟಿನ ಆಟೋ ನಿಲ್ದಾಣದಲ್ಲಿ ಇಂದಿಗೂ ದಿನಕ್ಕೆ ಹತ್ತು ಬಾರಿ ಕಿವಿಗೆ ಬೀಳುತ್ತದೆ.

ಇನ್ನು ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಗಾಳಿ ಹೋಗುವುದಕ್ಕೆ ಕಾರಣಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ವರ್ಷಗಟ್ಟಲೆ ನಡೆದ ಮೆಟ್ರೋ ಕಾಮಗಾರಿಯಿಂದ ಬನ್ನೇರುಘಟ್ಟ ರಸ್ತೆಯ ಅಂಚಿನಲ್ಲಿ ಉದುರಿದ ಕಬ್ಬಿಣದ ಚೂರುಗಳು, ಜೆ.ಪಿ. ನಗರದ ಹೊಸ ಹೊಸ ಹಂತಗಳಲ್ಲಿ ಏಳುತ್ತಿರುವ ಕಟ್ಟಡಗಳಿಗೆ ಹಲಗೆ ಸಾಗಿಸುವ ಲಾರಿಗಳಿಂದ ಬಿದ್ದ ಮೊಳೆಗಳು, ಮಳೆಗಾಲದಲ್ಲಿ ನೀರು ತುಂಬಿ ಸಮತಟ್ಟಾಗಿ ಕಾಣುವ ಗುಂಡಿಗಳು, ಇವೆಲ್ಲವೂ ಉಂಟು. ಗುಂಡಿಯ ಪೆಟ್ಟು ಮೊಳೆಯ ಪೆಟ್ಟಿಗಿಂತಲೂ ಕೆಡುಕಿನದು. ಅದು ಟಯರಿನ ಪಕ್ಕವನ್ನು ಒಳಗೊಳಗೇ ಹರಿದು, ವಾರದ ಮೇಲೆ ಕೋಳಿಮೊಟ್ಟೆಯಷ್ಟು ದಪ್ಪದ ಉಬ್ಬನ್ನು ತಂದಿಡುತ್ತದೆ, ರಿಮ್ಮನ್ನು ಬಾಗಿಸುತ್ತದೆ. ಇವೆಲ್ಲವೂ ಅಕಸ್ಮಾತ್ತಾಗಿ ಒದಗುವುವು. ಆದರೆ ಅಕಸ್ಮಾತ್ತಲ್ಲದ ಮೊಳೆಗಳೂ ಈ ನಗರದಲ್ಲಿ ಕಂಡುಬಂದುವೆಂಬುದನ್ನು ನೋವಿನಿಂದಲೇ ಬರೆಯಬೇಕಾಗಿದೆ. ಹೊರವರ್ತುಲ ರಸ್ತೆಯಲ್ಲಿ ಪದೇ ಪದೇ ಪಂಚರಿಗೆ ಗುರಿಯಾದ ಬೆನೆಡಿಕ್ಟ್ ಜೇಬಕುಮಾರ್ ಎಂಬ ತಂತ್ರಜ್ಞರು ಕಳೆದ ದಶಕದಲ್ಲಿ ಕಚೇರಿಗೆ ಹೋಗುವ ದಾರಿಯಲ್ಲಿ ವಾಹನ ನಿಲ್ಲಿಸಿ, ಮೊದಲು ಬರಿಗೈಯಿಂದಲೂ ಅನಂತರ ಕೋಲಿನ ತುದಿಗೆ ಕಟ್ಟಿದ ಅಯಸ್ಕಾಂತದಿಂದಲೂ ಮೊಳೆಗಳನ್ನು ಆಯ್ದು ತೆಗೆಯುವುದನ್ನೇ ವ್ರತವಾಗಿಸಿಕೊಂಡರು. ಅವರು ಹಾಗೆ ಕೂಡಿಹಾಕಿದ ಮೊಳೆಗಳ ತೂಕ ಮೂವತ್ತು ಕಿಲೋವನ್ನು ಮೀರಿತೆಂದು ಪತ್ರಿಕೆಗಳು ಆಗ ವರದಿಮಾಡಿದುವು. ಒಂದೇ ಅಳತೆಯ ಮೊಳೆಗಳು ಒಂದೇ ಜಾಗದಲ್ಲಿ ದಿನವೂ ಬಿದ್ದಿರುವುದನ್ನು ಕಂಡವರಿಗೆ ಅವು ಹೇಗೆ ಬಂದುವೆಂಬ ಸಂಶಯ ಹುಟ್ಟುವುದು ಸಹಜವೇ. ಆದರೆ ಇಷ್ಟರಿಂದಲೇ ಪಂಚರ್ ಅಂಗಡಿಯವರೆಲ್ಲರನ್ನೂ ಕಳ್ಳರೆಂದು ಬಗೆಯುವುದು ದೊಡ್ಡ ಅನ್ಯಾಯ. ಸರಿರಾತ್ರಿಯಲ್ಲಿ ಎದ್ದುಬಂದು ಟ್ಯೂಬು ಕಟ್ಟಿಕೊಟ್ಟ ಪುಣ್ಯಾತ್ಮರನ್ನು ನಾನು ಬಲ್ಲೆ.

ಗಾಳಿ ಹೋದದ್ದು ಮೊದಲು ತಿಳಿಯುವುದು ಕಣ್ಣಿಗಲ್ಲ, ಕೈಗೆ. ಮುಂದಿನ ಚಕ್ರವಾದರೆ ಸ್ಟಿಯರಿಂಗು ಒಂದು ಪಕ್ಕಕ್ಕೆ ಎಳೆಯುತ್ತದೆ, ಭಾರವಾಗುತ್ತದೆ. ಹಿಂದಿನದಾದರೆ ವಾಹನದ ಹಿಂಭಾಗ, ನೀರಿನ ಮೇಲಿನ ದೋಣಿಯಂತೆ, ಅತ್ತಿತ್ತ ತೂಗುತ್ತದೆ. ಆ ಕ್ಷಣದಲ್ಲಿ ಕಾಲು ತಾನೇ ತಾನಾಗಿ ಬ್ರೇಕಿನ ಮೇಲೆ ಹೋಗಿ ಬೀಳುವುದು ಮನುಷ್ಯಸಹಜವಾದದ್ದು. ಅದನ್ನು ತಡೆಯುವುದನ್ನೇ ಮೊದಲು ಕಲಿಯಬೇಕು. ರಭಸವಾಗಿ ಬ್ರೇಕು ಒತ್ತಿದರೆ ಗಾಳಿಯಿಲ್ಲದ ಚಕ್ರವು ಉಳಿದ ಮೂರರಂತೆ ನೆಲವನ್ನು ಹಿಡಿಯಲಾರದೆ ವಾಹನವು ತಿರುಗಿಬಿಡುವ ಸಂಭವವುಂಟು. ಎರಡೂ ಕೈಗಳಿಂದ ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಮೆಲ್ಲನೆ ಕಾಲನ್ನು ತೆಗೆದು, ವೇಗವು ತನ್ನಷ್ಟಕ್ಕೆ ಇಳಿಯಲು ಬಿಟ್ಟು, ಎಡಗಡೆಯ ಇಂಡಿಕೇಟರು ಹಾಕಿ, ಹಿಂದಿನವರಿಗೆ ಅರಿವಾಗುವಷ್ಟು ಅವಕಾಶ ಕೊಟ್ಟು ಎಡಕ್ಕೆ ಸರಿಯಬೇಕು. ಟ್ಯೂಬ್‌ಲೆಸ್ ಟಯರುಗಳಲ್ಲಿ ಮೊಳೆಯು ತಾನು ಮಾಡಿದ ರಂಧ್ರಕ್ಕೆ ತಾನೇ ಬೆಣೆಯಾಗಿ ನಿಲ್ಲುವುದರಿಂದ ಗಾಳಿ ನಿಧಾನವಾಗಿ ಸೋರುತ್ತದೆ. ಅಲ್ಲಿ ಆತುರಕ್ಕೆ ಕಾರಣವೇ ಇಲ್ಲ. ಟ್ಯೂಬಿನ ಟಯರುಗಳಲ್ಲಿಯಾದರೋ ಒಂದೆರಡು ನಿಮಿಷದೊಳಗೆ ಎಲ್ಲವೂ ಮುಗಿದುಹೋಗಬಹುದು.

ಎಲ್ಲಿ ನಿಲ್ಲಿಸಬೇಕು? ನನ್ನ ಅಭಿಪ್ರಾಯದಲ್ಲಿ ಈ ವಿಷಯದ ಮುಕ್ಕಾಲು ಪಾಲು ಈ ಒಂದು ಪ್ರಶ್ನೆಯಲ್ಲಿಯೇ ಅಡಗಿದೆ. ಚಕ್ರ ಬದಲಾಯಿಸುವ ವಿದ್ಯೆ ಹತ್ತು ನಿಮಿಷದ್ದು, ಯಾರು ಬೇಕಾದರೂ ಕಲಿಯಬಹುದು. ನಿಲ್ಲುವ ಸ್ಥಳವನ್ನು ಆರಿಸುವ ವಿವೇಕವು ಮಾತ್ರ ಅವಸರದ ಒಂದು ಕ್ಷಣದಲ್ಲಿಯೇ ನಮಗೆ ಒದಗಬೇಕು. ಜಯನಗರದಲ್ಲಿ ವಾಸಿಸುವವರಿಗೆ ಈ ವಿಷಯದಲ್ಲಿ ಒಂದು ಸೌಭಾಗ್ಯವಿದೆ. 1948ರಲ್ಲಿ ತಲೆಯೆತ್ತಿದ ಆ ಬಡಾವಣೆಯನ್ನು ಯೋಜಿಸಿದವರು ಮುಖ್ಯರಸ್ತೆಗಳನ್ನೂ ಅಡ್ಡರಸ್ತೆಗಳನ್ನೂ ಚದುರಂಗದ ಮನೆಗಳಂತೆ ಹೆಣೆದಿರುವುದರಿಂದ, ಸೌತ್ ಎಂಡ್ ವೃತ್ತದ ಬಳಿಯೋ, 4ನೇ ಬ್ಲಾಕಿನ ವಾಣಿಜ್ಯ ಸಂಕೀರ್ಣದ ಸುತ್ತಲೋ ಗಾಳಿ ಹೋದರೆ, ದಟ್ಟಣೆಯ ರಸ್ತೆಯಲ್ಲಿ ನಿಲ್ಲದೆ ನೂರಿನ್ನೂರು ಗಜ ಮೆಲ್ಲನೆ ಸಾಗಿ, ಮರಗಳ ನೆರಳಿರುವ ಒಂದು ಅಡ್ಡರಸ್ತೆಗೆ ಹೊರಳಿಕೊಳ್ಳಬಹುದು. ಬನಶಂಕರಿಯಿಂದ ಜೆ.ಪಿ. ನಗರದ ಮೂಲಕ ಸಿಲ್ಕ್ ಬೋರ್ಡಿನ ಕಡೆಗೆ ಸಾಗುವ ಹೊರವರ್ತುಲ ರಸ್ತೆಯಲ್ಲಿ ಹೀಗಲ್ಲ. ಅಲ್ಲಿ ಸರ್ವಿಸ್ ರಸ್ತೆಗೆ ಇಳಿಯುವ ಮುಂದಿನ ಕಿಂಡಿಯವರೆಗೆ ತಾಳ್ಮೆಯಿಂದ ಸಾಗಬೇಕು. ಕೆಳಸೇತುವೆಯೊಳಗೆ, ತಿರುವಿನ ಮರೆಯಲ್ಲಿ, ಮೇಲುಸೇತುವೆಯ ಮೇಲೆ, ಎಷ್ಟೇ ಗಾಳಿ ಹೋಗಿರಲಿ, ಎಂದಿಗೂ ನಿಲ್ಲಬಾರದು.

ಈ ಕಡೆಯ ಮಾತನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನ ಕಡೆಗೆ ಮೂರು ಕಿಲೋಮೀಟರಿಗೂ ಮಿಗಿಲಾಗಿ ಚಾಚಿಕೊಂಡಿರುವ, ಮೇಲೆ ಮೆಟ್ರೋ ಕೆಳಗೆ ವಾಹನಗಳು ಸಾಗುವ ಎರಡಂತಸ್ತಿನ ಸೇತುವೆಯು 2024ರ ಜುಲೈನಲ್ಲಿ ಸಂಚಾರಕ್ಕೆ ತೆರೆದು ಕೆಲವು ತಿಂಗಳು ಕಳೆದಿದ್ದುವು. ಒಂದು ಸಂಜೆ, ಸಣ್ಣಗೆ ಮಳೆ ಹನಿಯುತ್ತಿರುವಾಗ, ಹಿಂದಿನ ಆಸನದಲ್ಲಿ ನನ್ನ ತಾಯಿಯವರನ್ನು ಕೂರಿಸಿಕೊಂಡು ಆ ಸೇತುವೆಯ ಮೇಲೆ ಹೋಗುತ್ತಿದ್ದೆ. ನಡುದಾರಿಯಲ್ಲಿ ಎಡಗಡೆಯ ಮುಂಚಕ್ರದಿಂದ ಮೊದಲು ಟಪಟಪವೆಂಬ ಸದ್ದು, ಅನಂತರ ರಿಮ್ಮು ರಬ್ಬರನ್ನು ಅರೆಯುವ ಕರ್ಕಶವಾದ ಮೊರೆತ.

“ಏನೋ ಆಗಿದೆ ಕಣೋ, ನಿಲ್ಲಿಸ್ಬಿಡು” ಎಂದರು ಅಮ್ಮ.

“ಇಲ್ಲಿ ಬೇಡಮ್ಮ, ಕೆಳಗಿಳಿದ ಮೇಲೆ ನಿಲ್ಲಿಸ್ತೀನಿ” ಎಂದು, ನಾಲ್ಕೂ ಇಂಡಿಕೇಟರುಗಳನ್ನು ಹಾಕಿಕೊಂಡು, ಎಡಗೋಡೆಯ ಮಗ್ಗುಲಲ್ಲಿಯೇ ನಡೆದುಹೋಗುವಷ್ಟು ಮಂದಗತಿಯಲ್ಲಿ ಇಳಿಜಾರಿನ ಕೊನೆಯವರೆಗೂ ಹೋದೆ. ಹಿಂದಿನಿಂದ ಬಂದವರು ಹಾರನ್ನು ಬಾರಿಸಿದರು, ಒಬ್ಬಿಬ್ಬರು ಕಿಟಕಿಯಿಂದ ಗದರಿದರು. ಟಯರು ಸಂಪೂರ್ಣವಾಗಿ ನಾಶವಾಯಿತು, ರಿಮ್ಮಿನ ಅಂಚೂ ಸವೆಯಿತು. ಆದರೆ ಆ ಮಬ್ಬಿನಲ್ಲಿ, ಆ ಮಳೆಯಲ್ಲಿ, ಸರಿಯಲು ಎಡೆಯಿಲ್ಲದ ಆ ಸೇತುವೆಯ ಮೇಲೆ ಬಾಗಿಲು ತೆರೆದು ಅಮ್ಮನನ್ನು ಕೆಳಗಿಳಿಸುವುದನ್ನು ನೆನೆಸಿಕೊಂಡರೆ ಈಗಲೂ ನನ್ನ ಎದೆ ನಡುಗುತ್ತದೆ. ಹೊಸ ಟಯರು ಮರುದಿನವೇ ಅಂಗಡಿಯಲ್ಲಿ ಸಿಕ್ಕಿತು.

ಕೆಳಗಿಳಿದು ಡಿಕ್ಕಿಯನ್ನು ತೆರೆದಾಗ ಎರಡನೆಯ ಪಾಠ ಕಾದಿತ್ತು. ಸ್ಟೆಪ್ನಿಯನ್ನು ಹೊರಗೆಳೆದು ನೆಲಕ್ಕೆ ಹಾಕಿದರೆ ಅದು ಪುಟಿಯಲಿಲ್ಲ, ಮೆತ್ತಗೆ ಕುಳಿತುಬಿಟ್ಟಿತು. ವಾಹನ ಕೊಂಡಂದಿನಿಂದ ಅದಕ್ಕೆ ಗಾಳಿ ಹಾಕಿಸಿರಲಿಲ್ಲ; ಚುಚ್ಚದಿದ್ದರೂ ರಬ್ಬರಿನೊಳಗಿನ ಗಾಳಿ ತಿಂಗಳಿಗಿಷ್ಟೆಂದು ತಾನಾಗಿ ಸೋರುತ್ತದೆಂಬುದನ್ನು ತಿಳಿದಿದ್ದೂ ಮರೆತಿದ್ದೆ. ಆಗ ಪಕ್ಕದಲ್ಲಿ ನಿಂತ ಆಟೋದವರೊಬ್ಬರು, “ಯೋಚ್ನೆ ಮಾಡ್ಬೇಡಿ ಸಾರ್, ಸ್ಟೆಪ್ನಿ ಎತ್ತಿ ಆಟೋಗ್ ಹಾಕಿ, ಬಂಕಲ್ಲಿ ಗಾಳಿ ತುಂಬಿಸ್ಕೊಂಡ್ ಬರೋಣ. ಅಮ್ಮಾವ್ರನ್ನ ಆ ಅಂಗಡಿ ಒಳಗ್ ಕೂರ್ಸಿ” ಎಂದರು. ಇದು ಎಷ್ಟು ಸರಳವಾದ ಉಪಾಯವೆಂದರೆ ಆ ಗಾಬರಿಯಲ್ಲಿ ನನಗೆ ಹೊಳೆದೇ ಇರಲಿಲ್ಲ. ವಾಹನವನ್ನು ಗಾಳಿಯ ಬಳಿಗೆ ಒಯ್ಯಲಾಗದಿದ್ದರೆ ಚಕ್ರವೊಂದನ್ನೇ ಒಯ್ಯಬಹುದು. ಪೆಟ್ರೋಲ್ ಬಂಕುಗಳು ಗಾಳಿಯನ್ನು ಉಚಿತವಾಗಿ ತುಂಬಿಸಿಕೊಡಬೇಕೆಂಬ ನಿಯಮವೇ ಇದೆ. ಪೆಟ್ರೋಲು ಹಾಕಿಸದವರೂ ಸಂಕೋಚವಿಲ್ಲದೆ ಕೇಳಬಹುದು.

ಇನ್ನು ಚಕ್ರವನ್ನು ಬದಲಾಯಿಸುವ ಕ್ರಮ. ನೆಲ ಗಟ್ಟಿಯಾಗಿಯೂ ಸಮತಟ್ಟಾಗಿಯೂ ಇರಬೇಕು. ಕಾಲುವೆಯ ಸಡಿಲ ಮಣ್ಣಿನ ಮೇಲಾಗಲಿ, ಜೆ.ಪಿ. ನಗರದ ಕೆಲವು ರಸ್ತೆಗಳಲ್ಲಿರುವಂತಹ ಇಳುಕಲಿನ ಮೇಲಾಗಲಿ ಜಾಕಿ ನಿಲ್ಲದು. ಮೊದಲು ಎಲ್ಲರನ್ನೂ ಕೆಳಗಿಳಿಸಿ ಫುಟ್‌ಪಾತಿನ ಮೇಲೆ, ವಾಹನದಿಂದ ದೂರದಲ್ಲಿ ನಿಲ್ಲಿಸಬೇಕು. ಹ್ಯಾಂಡ್‌ಬ್ರೇಕು ಎಳೆದು, ಗೇರನ್ನು ಒಂದನೆಯದರಲ್ಲಿಯೋ ಹಿಂಬದಿಯದರಲ್ಲಿಯೋ ಬಿಟ್ಟು, ತಾನೇ ಗೇರು ಬದಲಾಯಿಸುವ ವಾಹನವಾದರೆ ‘ಪಿ’ಯಲ್ಲಿಟ್ಟು, ಕೆಟ್ಟ ಚಕ್ರಕ್ಕೆ ಕರ್ಣರೇಖೆಯಲ್ಲಿ ಎದುರಾಗಿರುವ ಚಕ್ರದ ಹಿಂದೆಯೂ ಮುಂದೆಯೂ ಒಂದೊಂದು ಕಲ್ಲನ್ನು ಒತ್ತರಿಸತಕ್ಕದ್ದು. ಕಾರಿನೊಡನೆ ಬಂದಿರುವ ಕೆಂಪು ತ್ರಿಕೋನವನ್ನು ಸುಮಾರು 50 ಮೀಟರಿನಷ್ಟು ಹಿಂದೆ ಇಡಬೇಕು; ಊರೊಳಗಿನ ಇಕ್ಕಟ್ಟಾದ ರಸ್ತೆಯಲ್ಲಿ ಅಷ್ಟು ದೂರ ಸಾಧ್ಯವಾಗದಿದ್ದರೆ, ತಿರುವು ದಾಟಿ ಬರುವವನಿಗೆ ಮುಂಚೆಯೇ ಕಾಣುವಂತೆಯಾದರೂ ಇಡಬೇಕು. ಮರದ ಕೊಂಬೆಯನ್ನು ಮುರಿದು ರಸ್ತೆಯ ಮೇಲೆ ಇಡುವ ವಾಡಿಕೆ ನಮ್ಮ ಲಾರಿ ಚಾಲಕರದು. ಹಗಲಿನಲ್ಲಿ ಅದೂ ಸಂಜ್ಞೆಯೇ, ಆದರೆ ಹೊರಡುವಾಗ ಅದನ್ನು ತೆಗೆದುಹಾಕದೆ ಹೋದರೆ ಇರುಳಿನಲ್ಲಿ ಬರುವ ದ್ವಿಚಕ್ರ ವಾಹನದವನಿಗೆ ಅದೇ ಮೃತ್ಯುವಾಗಬಹುದು.

ಜಾಕಿ ಏರಿಸುವುದಕ್ಕಿಂತ ಮೊದಲು, ಚಕ್ರವು ಇನ್ನೂ ನೆಲದ ಮೇಲೆ ಊರಿಕೊಂಡಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತಿನಷ್ಟು ಸಡಿಲಿಸಿಕೊಳ್ಳಬೇಕೆಂಬುದು ಹೊಸಬರು ತಪ್ಪುವ ಮೊದಲನೆಯ ಸಂಗತಿ. ಚಕ್ರವನ್ನು ಮೇಲೆತ್ತಿದ ಅನಂತರ ಬಲವಾಗಿ ತಿರುಗಿಸಹೋದರೆ ಚಕ್ರವೇ ಸುತ್ತುತ್ತದೆ. ಬಲ ಹೆಚ್ಚಾದರೆ ಜಾಕಿಯೇ ಜಾರುತ್ತದೆ. ಸಡಿಲಿಸುವುದು ಅಪ್ರದಕ್ಷಿಣವಾಗಿ, ಬಿಗಿಸುವುದು ಪ್ರದಕ್ಷಿಣವಾಗಿ. ಯಂತ್ರದಿಂದ ಬಿಗಿದ ನಟ್ಟು ಕೈಯ ಬಲಕ್ಕೆ ಮಣಿಯದಿದ್ದರೆ, ಪಾನದ ಹಿಡಿಯನ್ನು ಎಡಕ್ಕೆ ಅಡ್ಡಲಾಗಿ ಸಿಕ್ಕಿಸಿ, ವಾಹನವನ್ನು ಒಂದು ಕೈಯಿಂದ ಹಿಡಿದುಕೊಂಡು, ಕಾಲಿನಿಂದ ಮೆಲ್ಲಮೆಲ್ಲನೆ ದೇಹದ ಭಾರವನ್ನು ಅದರ ಮೇಲೆ ಬಿಡಬಹುದು. ಜಾಕಿಯನ್ನು ಇಡುವ ಸ್ಥಳವು ಬಾಗಿಲಿನ ಕೆಳಗಿನ ಅಂಚಿನಲ್ಲಿ, ಚಕ್ರದ ಸಮೀಪದಲ್ಲಿ, ಎರಡು ಕಚ್ಚುಗಳ ನಡುವೆ ಇರುತ್ತದೆ. ಬೇರೆ ಕಡೆ ಇಟ್ಟರೆ ತಗಡು ನಜ್ಜುಗುಜ್ಜಾಗುವುದು ಖಂಡಿತ. ಟಯರು ನೆಲದಿಂದ ಎರಡು ಬೆರಳಿನಷ್ಟು ಮೇಲೆದ್ದರೆ ಸಾಕೆನಿಸಿದರೂ, ಗಾಳಿ ತುಂಬಿದ ಸ್ಟೆಪ್ನಿ ಅದಕ್ಕಿಂತ ದಪ್ಪವಾಗಿರುವುದರಿಂದ ಇನ್ನಷ್ಟು ಏರಿಸಬೇಕು. ಈ ಅವಧಿಯಲ್ಲಿ ವಾಹನದ ಅಡಿಗೆ ಕೈಯನ್ನಾಗಲಿ ತಲೆಯನ್ನಾಗಲಿ ತೂರಿಸಲೇಬಾರದು. ಸ್ಟೆಪ್ನಿಯನ್ನು ಜಾಕಿಯ ಪಕ್ಕದಲ್ಲಿ ವಾಹನದ ಕೆಳಗೆ ಅಡ್ಡಲಾಗಿ ಮಲಗಿಸಿಟ್ಟರೆ, ಜಾಕಿ ಜಾರಿದರೂ ವಾಹನದ ಭಾರ ಆ ಚಕ್ರದ ಮೇಲೆ ನಿಲ್ಲುತ್ತದೆ. ಚಕ್ರ ಬಿಚ್ಚಿದ ಮೇಲೆ ಸ್ಟೆಪ್ನಿಯನ್ನು ಹೊರತೆಗೆದು ಅದರ ಜಾಗದಲ್ಲಿ ಹಳೆಯದನ್ನು ಮಲಗಿಸಬಹುದು. ನಟ್ಟುಗಳನ್ನು ರಸ್ತೆಯ ಮೇಲೆ ಹರಡದೆ ಒಂದು ಕರವಸ್ತ್ರದಲ್ಲಿ ಕಟ್ಟಿಟ್ಟುಕೊಳ್ಳಬೇಕು. ಮಳೆನೀರಿನ ಚರಂಡಿಯ ಜಾಲರಿಯೊಳಗೆ ಉರುಳಿಹೋದ ನಟ್ಟು ಮತ್ತೆ ಸಿಕ್ಕದು.

ಹೊಸ ಚಕ್ರವನ್ನು ಕೂರಿಸಿ ನಟ್ಟುಗಳನ್ನು ಬೆರಳಿನಿಂದಲೇ ಸಾಧ್ಯವಾದಷ್ಟು ತಿರುಗಿಸಿ, ಜಾಕಿಯನ್ನು ಇಳಿಸಿ, ಚಕ್ರ ನೆಲ ಮುಟ್ಟಿದ ಮೇಲೆ ಪೂರ್ಣವಾಗಿ ಬಿಗಿಯಬೇಕು; ಒಂದರ ಮಗ್ಗುಲಲ್ಲಿರುವ ಇನ್ನೊಂದನ್ನು ಬಿಗಿಯದೆ, ನಾಲ್ಕಿದ್ದರೆ ಎದುರುಬದುರಾಗಿ, ಐದಿದ್ದರೆ ಒಂದನ್ನು ಬಿಟ್ಟು ಒಂದನ್ನು, ನಕ್ಷತ್ರದ ರೇಖೆಯನ್ನು ಎಳೆಯುವಂತೆ. ಹೀಗೆ ಮಾಡದಿದ್ದರೆ ಚಕ್ರವು ಓರೆಯಾಗಿ ಕುಳಿತು ಮುಂದೆ ನಡುಗುತ್ತದೆ. ಐವತ್ತು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಬಿಗಿತವನ್ನು ಪರೀಕ್ಷಿಸಬೇಕು. ಉಳಿದ ನಾಲ್ಕಕ್ಕಿಂತ ಕಿರಿದಾದ ಸ್ಟೆಪ್ನಿ ಇರುವ ವಾಹನಗಳಲ್ಲಿ ಗಂಟೆಗೆ 80 ಕಿಲೋಮೀಟರು ಮೀರಬಾರದೆಂದು ಅದರ ಮೇಲೆಯೇ ಮುದ್ರಿಸಿರುತ್ತಾರೆ. ಅದು ಮನೆ ಮುಟ್ಟಿಸುವುದಕ್ಕೆ ಕೊಟ್ಟದ್ದೇ ಹೊರತು ಮೈಸೂರಿಗೆ ಹೋಗಿಬರುವುದಕ್ಕಲ್ಲ.

ಕಾರು ಕೊಳ್ಳುವವರಿಗೆ ಇಲ್ಲಿಯೇ ಒಂದು ಎಚ್ಚರಿಕೆಯನ್ನು ಹೇಳಬೇಕು. ಟ್ಯೂಬ್‌ಲೆಸ್ ಟಯರು, ಗಾಳಿಯ ಒತ್ತಡವನ್ನು ತೋರಿಸುವ ಉಪಕರಣ, ಟಯರು ದುರಸ್ತಿಯ ಸಾಮಗ್ರಿ ಈ ಮೂರೂ ಇದ್ದರೆ ಸ್ಟೆಪ್ನಿ ಇಲ್ಲದಿದ್ದರೂ ಆಗಬಹುದೆಂದು ಕೇಂದ್ರ ಸರ್ಕಾರವು 2020ರಲ್ಲಿ ಮೋಟಾರು ವಾಹನ ನಿಯಮಗಳನ್ನು ತಿದ್ದಿತು. ಆದುದರಿಂದ ವಿದ್ಯುತ್ ಕಾರುಗಳೇ ಮೊದಲಾದ ಕೆಲವು ಹೊಸ ವಾಹನಗಳಲ್ಲಿ ಐದನೆಯ ಚಕ್ರವೇ ಇರುವುದಿಲ್ಲ. ಅದರ ಸ್ಥಾನದಲ್ಲಿ ಒಂದು ಪುಟ್ಟ ಗಾಳಿಯಂತ್ರವೂ ರಂಧ್ರ ಮುಚ್ಚುವ ದ್ರವದ ಸೀಸೆಯೂ ಇರುತ್ತವೆ. ಮೊಳೆಯ ಸಣ್ಣ ರಂಧ್ರಕ್ಕೆ ಇವು ಸಾಕು. ಗುಂಡಿಗೆ ಬಿದ್ದು ಪಕ್ಕ ಹರಿದ ಟಯರಿಗೆ ಇವುಗಳಿಂದ ಯಾವ ಪ್ರಯೋಜನವೂ ಇಲ್ಲ. ಆ ದ್ರವಕ್ಕೆ ಅವಧಿಯೂ ಉಂಟು, ಸೀಸೆಯ ಮೇಲೆ ಬರೆದಿರುತ್ತದೆ. ವಾಹನವನ್ನು ಒಪ್ಪಿಕೊಳ್ಳುವ ದಿನ ಡಿಕ್ಕಿಯ ಹಾಸನ್ನೆತ್ತಿ ನೋಡಿ, ಸ್ಟೆಪ್ನಿ ಇಲ್ಲದಿದ್ದರೆ ವಿಮೆಯೊಡನೆ ರಸ್ತೆಬದಿಯ ನೆರವಿನ ಸೌಲಭ್ಯವನ್ನು ಸೇರಿಸಿಕೊಳ್ಳುವುದು ಉಚಿತ.

ದ್ವಿಚಕ್ರ ವಾಹನದವರ ಕಷ್ಟ ಬೇರೆ ಬಗೆಯದು. ಈ ಭಾಗದಲ್ಲಿ ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಕಚೇರಿಗೆ ಧಾವಿಸುವವರಲ್ಲಿ ಅವರ ಸಂಖ್ಯೆಯೇ ಹೆಚ್ಚಾದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆನಿಸುತ್ತದೆ. ಓಟದಲ್ಲಿರುವಾಗ ಹಿಂಚಕ್ರದ ಗಾಳಿ ಹೋದರೆ ಸೀಟಿನ ಕೆಳಗೆ ಯಾರೋ ಹಿಡಿದು ಅಲುಗಾಡಿಸಿದಂತಾಗುತ್ತದೆ. ಆಗ ಹಿಡಿಯನ್ನು ಬಿಗಿಯಾಗಿ ನೇರವಾಗಿ ಹಿಡಿದು, ಆಕ್ಸಿಲರೇಟರು ಬಿಟ್ಟು, ಬ್ರೇಕು ಹಾಕಲೇಬೇಕಾದರೆ ಗಾಳಿಯಿರುವ ಚಕ್ರದ ಬ್ರೇಕನ್ನು ಮೃದುವಾಗಿ ಬಳಸಬೇಕು. ಮುಂಚಕ್ರದ್ದು ಇನ್ನೂ ಅಪಾಯಕರ. ಅಲ್ಲಿ ಮುಂದಿನ ಬ್ರೇಕನ್ನು ಮುಟ್ಟಲೇಬಾರದು, ದೇಹದ ಭಾರವನ್ನು ಹಿಂದಕ್ಕೆ ಸರಿಸಬೇಕು. ಹಿಂದೆ ಕುಳಿತವರು, ಮುಖ್ಯವಾಗಿ ಒಂದೇ ಪಕ್ಕಕ್ಕೆ ಕಾಲು ಬಿಟ್ಟುಕೊಂಡು ಕುಳಿತ ಹೆಂಗಸರು, ವಾಹನ ಪೂರ್ಣವಾಗಿ ನಿಲ್ಲುವವರೆಗೂ ಇಳಿಯಲು ಆತುರಪಡಬಾರದು. ಟ್ಯೂಬಿನ ಟಯರಾದರೆ ಅನಂತರ ಅದರ ಮೇಲೆ ಕುಳಿತು ಓಡಿಸುವ ಯೋಚನೆಯನ್ನೇ ಬಿಡಬೇಕು. ಗಾಳಿಯಿಲ್ಲದ ಟಯರು ರಿಮ್ಮಿನ ಮೇಲೆ ಜರುಗಿ, ಟ್ಯೂಬನ್ನು ಮೂತಿಯ ಬುಡದಲ್ಲಿ ಕಿತ್ತುಹಾಕುತ್ತದೆ, ಆ ಭಾಗಕ್ಕೆ ತೇಪೆ ನಿಲ್ಲದಾದುದರಿಂದ ಒಂದು ತೇಪೆಯಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ಹೊಸ ಟ್ಯೂಬೇ ಬೇಕಾಗುತ್ತದೆ. ಟ್ಯೂಬ್‌ಲೆಸ್ ಆದರೆ ಮೊಳೆಯನ್ನು ಕೀಳದೆ, ಒಂದು ಪುಟ್ಟ ಪಂಪಿನಿಂದ ಗಾಳಿ ತುಂಬಿಸಿಕೊಂಡು ಒಂದೆರಡು ಕಿಲೋಮೀಟರು ನಿಧಾನವಾಗಿ ಹೋಗಬಹುದು. ಸೈಕಲ್ಲಿಗೆ ಗಾಳಿ ಹೊಡೆಯುವ ಕೈಪಂಪೊಂದು ಸ್ಕೂಟರಿನ ಸೀಟಿನಡಿಯಲ್ಲಿ ಇದ್ದರೆ ಎಷ್ಟೋ ದೂರ ತಳ್ಳುವ ಶ್ರಮ ತಪ್ಪುತ್ತದೆ. ತಳ್ಳಬೇಕಾಗಿ ಬಂದಾಗ, ವಾಹನದ ಎಡಗಡೆಯಲ್ಲಿ, ಅಂದರೆ ಫುಟ್‌ಪಾತಿನ ಕಡೆಗೆ ನಾವಿರಬೇಕು. ಇರುಳಿನಲ್ಲಿ ದೀಪ ಉರಿಯುತ್ತಿರಬೇಕು. ಭಯವೆನಿಸಿದರೆ, ಯಾರಾದರೂ ಬೆನ್ನುಹತ್ತಿದಂತೆ ತೋರಿದರೆ, 112ಕ್ಕೆ ಕರೆ ಮಾಡಬೇಕು. ಪಂಚರು ಅಲ್ಪವಾದ ಕಾರಣವೆಂದು ಹಿಂಜರಿಯಬೇಕಾದುದಿಲ್ಲ. ಪಕ್ಕದಲ್ಲಿ ಬಂದು “ನಿಮ್ಮ ಚಕ್ರದಲ್ಲಿ ಗಾಳಿ ಇಲ್ಲ” ಎಂದು ಹೇಳಿಹೋಗುವವರಲ್ಲಿ ಬಹುಮಂದಿ ಸಜ್ಜನರೇ. ಆದರೂ ನಿರ್ಜನವಾದ ಕಡೆ ಹಾಗೆ ಕೂಗಿದರೆ, ಕೈಗೆ ಯಾವ ವ್ಯತ್ಯಾಸವೂ ತಿಳಿಯದಿರುವಾಗ, ಜನವಿರುವ ಅಂಗಡಿಯ ಮುಂದೆಯೇ ನಿಲ್ಲಿಸಿ ನೋಡುವುದು ಕ್ಷೇಮ.

ರಸ್ತೆಯ ಅಂಚಿನಲ್ಲಿ ನಿಲ್ಲಿಸಿದ ಹಳೆಯ ಟಯರಿನ ಮೇಲೆ ಬಿಳಿಯ ಬಣ್ಣದಲ್ಲಿ ‘ಪಂಚರ್’ ಎಂದು ಬರೆದಿರುವುದು ನಮ್ಮೂರಿನ ಅತ್ಯಂತ ಪ್ರಾಮಾಣಿಕವಾದ ಫಲಕವೆಂದು ನನಗೆ ತೋರುತ್ತದೆ. ಆ ಅಂಗಡಿಯಲ್ಲಿ ಕುಳಿತು ಕೆಲಸವನ್ನು ನೋಡುವುದು ಒಂದು ವಿದ್ಯಾಭ್ಯಾಸ. ಟ್ಯೂಬಾದರೆ ಕಂಬಿಗಳಿಂದ ಟಯರಿನ ತುಟಿಯನ್ನೆತ್ತಿ ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಸ್ವಲ್ಪಸ್ವಲ್ಪವಾಗಿ ಅದ್ದಿ ತಿರುಗಿಸುತ್ತಾರೆ. ಗುಳ್ಳೆ ಏಳುವೆಡೆ ರಂಧ್ರ. ಆ ಸ್ಥಳವನ್ನು ಒರೆಸಿ, ಒರಟಾಗುವಂತೆ ಉಜ್ಜಿ, ಸಲ್ಯೂಷನ್ ಹಚ್ಚಿ, ಅದು ಅಂಟಂಟಾಗಿ ಒಣಗುವವರೆಗೆ ಕಾದು, ತೇಪೆಯನ್ನು ಒತ್ತುತ್ತಾರೆ. ಕಾಯದೆ ಒತ್ತಿದ ತೇಪೆ ಬೇಗ ಬಿಡುತ್ತದೆ. ಆದುದರಿಂದ ಅವಸರ ಮಾಡುವ ಗಿರಾಕಿ ತನ್ನ ಕೆಲಸವನ್ನು ತಾನೇ ಕೆಡಿಸಿಕೊಳ್ಳುತ್ತಾನೆ. ಟ್ಯೂಬ್‌ಲೆಸ್ಸಿಗೆ ಮೊಳೆಯನ್ನು ಕಿತ್ತು, ಅರದಂತಹ ಸೂಜಿಯಿಂದ ರಂಧ್ರವನ್ನು ಉಜ್ಜಿ, ಅಂಟು ಸವರಿದ ರಬ್ಬರಿನ ಬತ್ತಿಯನ್ನು ಇನ್ನೊಂದು ಸೂಜಿಯ ಕಣ್ಣಿಗೆ ಪೋಣಿಸಿ ಒಳಕ್ಕೆ ಚುಚ್ಚಿ, ಸೂಜಿಯನ್ನು ಎಳೆದಾಗ ಬತ್ತಿ ಅಲ್ಲಿಯೇ ನಿಲ್ಲುತ್ತದೆ. ಹೊರಗುಳಿದ ತುದಿಯನ್ನು ಕತ್ತರಿಸಿ, ಸಾಬೂನಿನ ನೀರು ಹಾಕಿ ಸೋರಿಕೆ ನಿಂತಿದೆಯೆ ಎಂದು ನೋಡುತ್ತಾರೆ. ನೆಲಕ್ಕೆ ತಾಗುವ ಭಾಗದಲ್ಲಿರುವ ಸಣ್ಣ ರಂಧ್ರಕ್ಕೆ ಮಾತ್ರ ಈ ಚಿಕಿತ್ಸೆ. ಪಕ್ಕದ ಗೋಡೆಯಲ್ಲಿ ಚುಚ್ಚಿದ್ದರೆ, ಕಟ್ಟಿಕೊಡುತ್ತೇನೆಂದು ಯಾರು ಹೇಳಿದರೂ ಒಪ್ಪಬಾರದು. ಚಕ್ರ ಸುತ್ತಿದಂತೆಲ್ಲ ಆ ಭಾಗ ಮಡಿಚಿ ಬಿಚ್ಚುತ್ತಿರುವುದರಿಂದ ಯಾವ ಬತ್ತಿಯೂ ಅಲ್ಲಿ ಸ್ಥಿರವಾಗಿರದು.

ಮೋಸವನ್ನು ತಪ್ಪಿಸಿಕೊಳ್ಳುವುದಕ್ಕೆ ಜಗಳ ಬೇಕಾಗಿಲ್ಲ. ಒಂದು ರಂಧ್ರಕ್ಕೆ ಎಷ್ಟೆಂದು ಮೊದಲೇ ಕೇಳಿ, ಕೆಲಸ ನಡೆಯುವಾಗ ಹತ್ತಿರವೇ ನಿಂತು, ಗುಳ್ಳೆ ಎದ್ದ ಪ್ರತಿಯೊಂದು ಜಾಗಕ್ಕೂ ಸೀಮೆಸುಣ್ಣದ ಗುರುತು ಹಾಕಿಸಿಕೊಂಡರಾಯಿತು. ಒಮ್ಮೆ ನಾನು ಚಹಾ ಕುಡಿದು ಬರುವಷ್ಟರಲ್ಲಿ ಒಂದಿದ್ದ ರಂಧ್ರ ಐದಾಗಿತ್ತು. ನಿಂತು ನೋಡಿದಂದು ಎಂದೂ ಹಾಗಾದುದಿಲ್ಲ. ಕಿತ್ತ ಮೊಳೆಯನ್ನು ಕೇಳಿ ಪಡೆದುಕೊಳ್ಳಬೇಕು. ಅದು ತುಕ್ಕು ಹಿಡಿದು ಸೊಟ್ಟಗಾಗಿದ್ದರೆ ರಸ್ತೆಯದು. ಹೊಳೆಯುವ ಹೊಸದಾಗಿದ್ದು, ಅದೇ ರಸ್ತೆಯಲ್ಲಿ ಪರಿಚಿತರಿಗೂ ಅಂತಹದೇ ಸಿಕ್ಕಿದ್ದರೆ, ಸ್ಥಳವನ್ನೂ ಹೊತ್ತನ್ನೂ ಗುರುತುಹಾಕಿಕೊಂಡು ಸಂಚಾರ ಪೊಲೀಸರಿಗೆ ತಿಳಿಸುವುದು ಹಿಂದೆ ಬರುವ ಅಪರಿಚಿತನಿಗೆ ನಾವು ಮಾಡುವ ಉಪಕಾರ.

ಗಾಳಿ ಹೋಗುವುದನ್ನೇ ಕಡಮೆಮಾಡುವ ಮಾರ್ಗವೂ ಉಂಟು. ಒತ್ತಡ ತಗ್ಗಿದ ಟಯರು ಪ್ರತಿಯೊಂದು ಸುತ್ತಿನಲ್ಲಿಯೂ ಅತಿಯಾಗಿ ಬಾಗಿ, ಬಿಸಿಯಾಗಿ, ಒಳಗಿನ ನಾರುಗಳು ಬಿಡುತ್ತವೆ. ಹೆದ್ದಾರಿಯಲ್ಲಿ ಸಿಡಿಯುವ ಟಯರುಗಳಲ್ಲಿ ಇಂತಹವು ಬಹಳ. ಎಷ್ಟು ಒತ್ತಡವಿರಬೇಕೆಂಬುದನ್ನು ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿರುತ್ತಾರೆ. ಟಯರಿನ ಮೇಲೆ ಅಚ್ಚಾಗಿರುವ ದೊಡ್ಡ ಅಂಕಿಯು ಅದು ತಾಳಬಹುದಾದ ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬಾರದು. ಗಾಳಿಯನ್ನು ಅಳೆಯುವುದು ತಣ್ಣಗಿರುವಾಗ, ಬೆಳಗ್ಗೆ. ನೆಲಕ್ಕೆ ತಾಗುವ ಭಾಗದ ಗೀರುಗಳ ಆಳವು ಕಾರಿನ ಟಯರಿನಲ್ಲಿ 1.6 ಮಿಲಿಮೀಟರಿಗಿಂತಲೂ ದ್ವಿಚಕ್ರ ವಾಹನದ್ದರಲ್ಲಿ 0.8 ಮಿಲಿಮೀಟರಿಗಿಂತಲೂ ಕಡಮೆಯಾಗಿರಬಾರದೆಂಬುದು ನಿಯಮ. ಟಯರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ: 2321 ಎಂದಿದ್ದರೆ 2021ರ 23ನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಓಡದೆ ಇದ್ದರೂ ರಬ್ಬರು ಮುಪ್ಪಾಗುತ್ತದೆ. ಸ್ಟೆಪ್ನಿಯ ಮೇಲೆಯೂ ಈ ಅಂಕಿಯನ್ನು ಓದಿ ನೋಡತಕ್ಕದ್ದು.

ಸೇತುವೆಯ ಮೇಲಿನ ಆ ಸಂಜೆಯಾದ ಮೇಲೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬಂದಿದೆ. ಆಯುಧಪೂಜೆಯ ಹಿಂದಿನ ದಿನ ಸ್ಟೆಪ್ನಿಯನ್ನು ಡಿಕ್ಕಿಯಿಂದ ಹೊರಗೆ ತಂದು, ತೊಳೆದು, ಬಂಕಿಗೆ ಒಯ್ದು, ಇರಬೇಕಾದುದಕ್ಕಿಂತ ನಾಲ್ಕೈದು ಪಿ.ಎಸ್.ಐ. ಹೆಚ್ಚಾಗಿಯೇ ಗಾಳಿ ತುಂಬಿಸಿಕೊಂಡು ಬರುತ್ತೇವೆ. ಹೆಚ್ಚಿದ್ದರೆ ಬೇಕಾದಾಗ ಬಿಡಬಹುದಷ್ಟೆ. ಜಾಕಿಯ ತಿರುಪಿಗೆ ಒಂದು ಹನಿ ಎಣ್ಣೆ ಬಿಟ್ಟು, ಪಾನ, ತ್ರಿಕೋನ, ಟಾರ್ಚು, ಹಳೆಯ ಒಂದು ಗೋಣಿಚೀಲ, ಒಂದು ಜೊತೆ ಕೈಗವಸು ಎಲ್ಲವೂ ಇವೆಯೇ ಎಂದು ನೋಡುತ್ತೇವೆ. ಮರುದಿನ ಬೆಳಗ್ಗೆ ನಾಲ್ಕು ಚಕ್ರಗಳಿಗೆ ಕುಂಕುಮವಿಟ್ಟ ಮೇಲೆ, ಡಿಕ್ಕಿಯನ್ನು ತೆರೆದು ನಿಲ್ಲುವಂತೆ ನನಗೆ ಹೇಳಿ, ಐದನೆಯದಕ್ಕೆ ಬೊಟ್ಟನ್ನು ಅಮ್ಮನೇ ಇಡುತ್ತಾರೆ.